ಮೂಳೆಯ ಸಾಂದ್ರತೆ ಮತ್ತು ಮೂಳೆಯ ಗುಣ: ಅಸ್ಥಿರಂಧ್ರತೆಯಲ್ಲಿ ಮುರಿತದ ಸಂಭವವನ್ನು ಅರಿಯುವ ಬಗೆ

1. ಪೀಠಿಕೆ

ಕನ್ನಡದ ವಿಜ್ಞಾನ ಬರವಣಿಗೆಗೆ ನೂರು ವರ್ಷಕ್ಕೂ ಮಿಕ್ಕ ಇತಿಹಾಸವಿದೆ. ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ ಅವರು 1918ರಲ್ಲಿ 'ವಿಜ್ಞಾನ' ಮಾಸಪತ್ರಿಕೆಯನ್ನು ಆರಂಭಿಸಿದಂದಿನಿಂದ ಇಂದಿನವರೆಗೂ ಈ ಕ್ಷೇತ್ರದ ಲೇಖಕರ ಮುಂದೆ ಒಂದು ಪ್ರಶ್ನೆ ನಿಂತೇ ಇದೆ: ಹೊಸ ಅರಿವನ್ನು ಹೇಳಲು ಬಳಕೆಯಲ್ಲಿರುವ ಪದ ಸಾಕೆ, ಹೊಸ ಪದ ಬೇಕೆ? ಈ ಪ್ರಶ್ನೆ ಕೇವಲ ನಿಘಂಟಿಗೆ ಸಂಬಂಧಿಸಿದ್ದಲ್ಲ. ವೈದ್ಯಕೀಯದಲ್ಲಂತೂ ಒಂದು ಪದದ ಸಡಿಲ ಬಳಕೆಯಿಂದ ರೋಗಿಗೆ ಸಿಗಬೇಕಾದ ಚಿಕಿತ್ಸೆಯೇ ತಪ್ಪಿಹೋಗಬಹುದು.

'ಮೂಳೆ ಸವೆತ' ಅಂತಹ ಒಂದು ಪದ. ಮಂಡಿಯ ಕೀಲಿನಲ್ಲಿ ಮೃದ್ವಸ್ಥಿ ತೆಳುವಾಗಿ ನೋವು ಕಾಣಿಸಿಕೊಂಡರೂ ನಮ್ಮ ಜನ ಮೂಳೆ ಸವೆದಿದೆ ಎನ್ನುತ್ತಾರೆ. ಇಡೀ ಅಸ್ಥಿಪಂಜರ ಒಳಗಿನಿಂದ ಬರಿದಾಗಿ ಸಣ್ಣ ಬೀಳುವಿಕೆಗೇ ಮುರಿಯುವ ಸ್ಥಿತಿಗೂ ಅದೇ ಮಾತನ್ನು ಬಳಸುತ್ತಾರೆ. ಮೊದಲನೆಯದು ಕೀಲಿನ ರೋಗ. ಅದು ನೋವಿನಿಂದ ತನ್ನನ್ನು ತಾನೇ ತಿಳಿಸಿಕೊಳ್ಳುತ್ತದೆ. ಎರಡನೆಯದು ಅಸ್ಥಿರಂಧ್ರತೆ, ಮುರಿತವಾಗುವವರೆಗೆ ಅದಕ್ಕೆ ಸಾಮಾನ್ಯವಾಗಿ ನೋವೇ ಇರುವುದಿಲ್ಲ. ಎರಡಕ್ಕೂ ಒಂದೇ ಹೆಸರಿರುವುದರಿಂದ, ಮಂಡಿನೋವಿಲ್ಲದ ವೃದ್ಧೆ ತನ್ನ ಮೂಳೆ ಗಟ್ಟಿಯಾಗಿದೆ ಎಂದು ನಂಬುವುದಕ್ಕೆ ಭಾಷೆಯೇ ಎಡೆಮಾಡಿಕೊಡುತ್ತದೆ.

ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ಗೊಂದಲವೂ ಇದೆ. ಅಸ್ಥಿರಂಧ್ರತೆ ಎಂದರೆ ಮೂಳೆಯ ಸಾಂದ್ರತೆ ಕಡಿಮೆಯಾಗುವುದು ಎಂಬ ವಿವರಣೆ ಇಂದು ಎಲ್ಲೆಡೆ ದೊರೆಯುತ್ತದೆ. ಆದರೆ ಮೂಳೆ ಮುರಿಯುವುದು ಅದರ ಸಾಂದ್ರತೆಯೊಂದನ್ನೇ ಅವಲಂಬಿಸಿಲ್ಲ. ಅದರ ಒಳರಚನೆ, ಆಕಾರ ಮತ್ತು ದ್ರವ್ಯದ ಗುಣವನ್ನೂ ಅವಲಂಬಿಸಿದೆ. ಈ ಗುಣವನ್ನು ಚಿತ್ರದಲ್ಲಿ ಕಾಣುವ ಪ್ರಯತ್ನಗಳು ಕಳೆದ ಐವತ್ತು ವರ್ಷಗಳಲ್ಲಿ ಹೇಗೆ ಬೆಳೆದುಬಂದವು, ಅವುಗಳಿಂದ ಮುರಿತದ ಸಂಭವವನ್ನು ಎಷ್ಟರಮಟ್ಟಿಗೆ ತಿಳಿಯಬಹುದು, ಈ ವಿವೇಚನೆಗೆ ಕನ್ನಡದ ಯಾವ ಪದಗಳು ಒದಗುತ್ತವೆ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

2. ಮೂಳೆ ಎಂಬ ಕಟ್ಟಡ

ಮೂಳೆ ಎರಡು ಬಗೆಯ ದ್ರವ್ಯಗಳ ಹೊಂದಾಣಿಕೆ. ಕೊಲ್ಲಾಜೆನ್ ಎಂಬ ಪ್ರೋಟೀನಿನ ಎಳೆಗಳು ಅದಕ್ಕೆ ಬಾಗುವ ಶಕ್ತಿಯನ್ನೂ, ಕ್ಯಾಲ್ಸಿಯಂ ಮತ್ತು ಫಾಸ್ಫೇಟಿನಿಂದಾದ ಹರಳುಗಳು ಗಡಸುತನವನ್ನೂ ಕೊಡುತ್ತವೆ. ಮೂಳೆಯೊಂದನ್ನು ಆಮ್ಲದಲ್ಲಿ ನೆನೆಸಿ ಖನಿಜವನ್ನು ಕರಗಿಸಿದರೆ ಅದು ರಬ್ಬರಿನಂತೆ ಬಾಗುತ್ತದೆ. ಬೆಂಕಿಯಲ್ಲಿ ಸುಟ್ಟು ಎಳೆಗಳನ್ನು ನಾಶಮಾಡಿದರೆ ಆಕಾರ ಉಳಿದರೂ ಮುಟ್ಟಿದರೆ ಪುಡಿಯಾಗುತ್ತದೆ. ಶಾಲೆಗಳಲ್ಲಿ ತೋರಿಸುವ ಈ ಪ್ರಯೋಗವೇ ಮುಂದಿನ ಚರ್ಚೆಗೆ ತಳಹದಿ: ಖನಿಜದ ಪ್ರಮಾಣವೊಂದೇ ಮೂಳೆಯ ಬಲವಲ್ಲ.

ರಚನೆಯ ದೃಷ್ಟಿಯಿಂದಲೂ ಮೂಳೆಯಲ್ಲಿ ಎರಡು ಬಗೆಗಳಿವೆ. ಹೊರಗಿನದು ಗಟ್ಟಿಯಾದ ತೊಗಟೆ ಮೂಳೆ. ಅಸ್ಥಿಪಂಜರದ ತೂಕದಲ್ಲಿ ಸುಮಾರು 80 ಪಾಲು ಇದರದು. ಒಳಗಿನದು ಜಾಲರಿ ಮೂಳೆ. ಉಳಿದ ಸುಮಾರು 20 ಪಾಲು. ಜಾಲರಿಯನ್ನು ರೂಪಿಸುವ ಸಣ್ಣ ಕಡ್ಡಿಗಳಿಗೂ ಹಲಗೆಗಳಿಗೂ ಪಾಶ್ಚಾತ್ಯ ವೈದ್ಯಶಾಸ್ತ್ರದಲ್ಲಿರುವ ಲ್ಯಾಟಿನ್ ಹೆಸರಿನ ಅರ್ಥ ಸಣ್ಣ ತೊಲೆ ಎಂದೇ ಆಗಿದೆ. ಆದ್ದರಿಂದ ಇವನ್ನು ಕನ್ನಡದಲ್ಲಿ 'ಕಿರುತೊಲೆ' ಎಂದು ಕರೆಯುವುದು ಮೂಲಾರ್ಥಕ್ಕೂ ನಿಷ್ಠ, ಓದುಗನಿಗೂ ಸುಲಭ. ಬೆನ್ನಿನ ಕಶೇರುಕಗಳಲ್ಲಿ, ಮಣಿಕಟ್ಟಿನ ಬಳಿ, ತೊಡೆಮೂಳೆಯ ಮೇಲ್ತುದಿಯಲ್ಲಿ ಜಾಲರಿ ಮೂಳೆ ಹೇರಳವಾಗಿದೆ. ಅಸ್ಥಿರಂಧ್ರತೆಯ ಮುರಿತಗಳು ಈ ಮೂರು ಎಡೆಗಳಲ್ಲಿಯೇ ಹೆಚ್ಚಾಗಿ ಕಾಣಿಸಿಕೊಳ್ಳುವುದು ಆಕಸ್ಮಿಕವಲ್ಲ.

ಕಿರುತೊಲೆಗಳ ಜೋಡಣೆಯಲ್ಲಿ ಒಂದು ಕ್ರಮವಿದೆ ಎಂಬುದು 1860ರ ದಶಕದಲ್ಲಿ ಸ್ಪಷ್ಟವಾಯಿತು. ಜ್ಯೂರಿಕ್ ನಗರದಲ್ಲಿದ್ದ ಅಂಗರಚನಾಶಾಸ್ತ್ರಜ್ಞ ಹರ್ಮನ್ ಫಾನ್ ಮೇಯರ್ ತೊಡೆಮೂಳೆಯ ಸೀಳುನೋಟದ ರೇಖೆಗಳನ್ನು ಚಿತ್ರಿಸಿದಾಗ, ಎಂಜಿನಿಯರ್ ಕಾರ್ಲ್ ಕುಲ್ಮನ್ ಅವುಗಳಲ್ಲಿ ಭಾರ ಎತ್ತುವ ಕ್ರೇನಿನೊಳಗಿನ ಒತ್ತಡದ ರೇಖೆಗಳನ್ನು ಗುರುತಿಸಿದನು. ಭಾರ ಯಾವ ದಾರಿಯಲ್ಲಿ ಇಳಿಯುವುದೋ ಆ ದಾರಿಯಲ್ಲಿಯೇ ಕಿರುತೊಲೆಗಳು ನಿಂತಿದ್ದವು. ಮೂಳೆ ತನ್ನ ಮೇಲೆ ಬೀಳುವ ಭಾರಕ್ಕೆ ತಕ್ಕಂತೆ ತನ್ನ ರಚನೆಯನ್ನು ಬದಲಿಸಿಕೊಳ್ಳುತ್ತದೆ ಎಂಬ ತತ್ತ್ವವನ್ನು ಯೂಲಿಯಸ್ ವೋಲ್ಫ್ 1892ರ ಗ್ರಂಥದಲ್ಲಿ ವಿವರಿಸಿದನು.

ಈ ಕಟ್ಟಡದಲ್ಲಿ ಒಂದು ಅಡ್ಡತೊಲೆ ಇಲ್ಲವಾದರೆ ಆಗುವ ನಷ್ಟವೆಷ್ಟು? ನೆಟ್ಟಗೆ ನಿಂತ ತೆಳುವಾದ ಕಂಬ ಎಷ್ಟು ಭಾರಕ್ಕೆ ಬಳುಕಿ ಬಾಗುತ್ತದೆ ಎಂಬುದನ್ನು 18ನೆಯ ಶತಮಾನದಲ್ಲಿಯೇ ಗಣಿತಜ್ಞ ಲಿಯೊನಾರ್ಡ್ ಆಯ್ಲರ್ ತೋರಿಸಿಕೊಟ್ಟಿದ್ದಾನೆ. ಆ ಲೆಕ್ಕದ ಪ್ರಕಾರ ಆಧಾರವಿಲ್ಲದ ಉದ್ದ ಎರಡರಷ್ಟಾದರೆ ಕಂಬದ ತಾಳಿಕೆ ನಾಲ್ಕನೆಯ ಒಂದಕ್ಕೆ ಇಳಿಯುತ್ತದೆ. ಎರಡು ನೆಟ್ಟ ಕಿರುತೊಲೆಗಳನ್ನು ನಡುವೆ ಹಿಡಿದಿದ್ದ ಅಡ್ಡ ಕಿರುತೊಲೆ ಕರಗಿಹೋದಾಗ ಮೂಳೆಯ ತೂಕದಲ್ಲಿ ಆಗುವ ವ್ಯತ್ಯಾಸ ಅತ್ಯಲ್ಪ. ಬಲದಲ್ಲಿ ಆಗುವ ವ್ಯತ್ಯಾಸ ಬಹಳ ದೊಡ್ಡದು. ಮುಟ್ಟು ನಿಂತ ಮೇಲೆ ಈಸ್ಟ್ರೋಜೆನ್ ಕುಗ್ಗಿ ಮೂಳೆಯನ್ನು ಕರಗಿಸುವ ಕೋಶಗಳ ಕೆಲಸ ಹೆಚ್ಚಿದಾಗ ಇಂತಹ ಅಡ್ಡ ಕಿರುತೊಲೆಗಳೇ ಬಹುವಾಗಿ ಮಾಯವಾಗುತ್ತವೆ. ತೆಳುವಾದ ತೊಲೆಯನ್ನು ಮತ್ತೆ ದಪ್ಪಗೊಳಿಸಬಹುದು. ಪೂರ್ತಿ ಕಡಿದುಹೋದ ತೊಲೆಯನ್ನು ಮರಳಿ ಜೋಡಿಸುವುದು ಕಷ್ಟ.

3. ಸಾಂದ್ರತೆಯ ಅಳತೆ: ಸಾಧನೆ ಮತ್ತು ಮಿತಿ

ಮೂಳೆಯ ಖನಿಜವನ್ನು ದೇಹದ ಹೊರಗಿನಿಂದ ನಿಖರವಾಗಿ ಅಳೆಯುವ ವಿಧಾನವನ್ನು 1963ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಜಾನ್ ಕ್ಯಾಮರಾನ್ ಮತ್ತು ಜೇಮ್ಸ್ ಸೊರೆನ್ಸನ್ ಪ್ರಕಟಿಸಿದರು. 1980ರ ದಶಕದ ಕೊನೆಯಲ್ಲಿ ಬಳಕೆಗೆ ಬಂದ ಡೆಕ್ಸಾ ಯಂತ್ರ ಈ ಮಾರ್ಗವನ್ನು ಪರಿಷ್ಕರಿಸಿತು. ಎರಡು ಭಿನ್ನ ಶಕ್ತಿಯ ಎಕ್ಸ್‌-ಕಿರಣಗಳನ್ನು ದೇಹದ ಮೂಲಕ ಹಾಯಿಸಿದಾಗ ಮಾಂಸ ಮತ್ತು ಮೂಳೆ ಅವನ್ನು ಬೇರೆಬೇರೆ ಪ್ರಮಾಣದಲ್ಲಿ ಹೀರಿಕೊಳ್ಳುತ್ತವೆ. ಒಂದರಿಂದ ಇನ್ನೊಂದನ್ನು ಕಳೆದರೆ ಮೂಳೆಯ ಖನಿಜದ ಲೆಕ್ಕ ದೊರೆಯುತ್ತದೆ. ಕೆಲವೇ ನಿಮಿಷಗಳ ಈ ಪರೀಕ್ಷೆಯಲ್ಲಿ ತಗಲುವ ವಿಕಿರಣ ಬಹಳ ಅಲ್ಪ.

1994ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಅಧ್ಯಯನ ತಂಡ ಈ ಅಳತೆಗೆ ಒಂದು ಗೆರೆಯನ್ನು ಎಳೆಯಿತು. ಆರೋಗ್ಯವಂತ ತರುಣಿಯರ ಸರಾಸರಿಯಿಂದ ವ್ಯಕ್ತಿಯ ಸಾಂದ್ರತೆ ಎಷ್ಟು ಪ್ರಮಾಣ ವಿಚಲನೆಗಳಷ್ಟು ದೂರವಿದೆ ಎಂಬುದೇ ಟಿ-ಅಂಕ. ಅದು –2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಅಸ್ಥಿರಂಧ್ರತೆ. –1 ಮತ್ತು –2.5ರ ನಡುವೆ ಇದ್ದರೆ ಸಾಂದ್ರತೆಯ ಕೊರತೆ. ಈ ವರ್ಗೀಕರಣದಿಂದ ಲೋಕಕ್ಕೆ ಉಪಕಾರವಾಗಿದೆ ಎಂಬುದರಲ್ಲಿ ಸಂದೇಹವಿಲ್ಲ. ತೊಡೆಮೂಳೆಯ ಮೇಲ್ತುದಿಯ ಸಾಂದ್ರತೆ ಒಂದು ಪ್ರಮಾಣ ವಿಚಲನೆಯಷ್ಟು ಕುಗ್ಗಿದರೆ ಆ ಮೂಳೆ ಮುರಿಯುವ ಸಂಭವ ಸುಮಾರು ಎರಡೂವರೆ ಪಟ್ಟು ಹೆಚ್ಚುತ್ತದೆ ಎಂದು 1996ರಲ್ಲಿ ಪ್ರಕಟವಾದ ಸಮಗ್ರ ವಿಶ್ಲೇಷಣೆ ತೋರಿಸಿತು. ಮುಂದೆ ಹೇಳುವ ಆಕ್ಷೇಪಗಳಿಂದ ಸಾಂದ್ರತೆ ನಿರರ್ಥಕ ಎಂದು ಯಾರೂ ಭಾವಿಸಬಾರದು.

ಆದರೂ ಇಲ್ಲಿ ಸಾಂದ್ರತೆ ಎಂಬ ಪದದಲ್ಲಿಯೇ ಒಂದು ತೊಡಕಿದೆ. ಭೌತಶಾಸ್ತ್ರದಲ್ಲಿ ಸಾಂದ್ರತೆ ಎಂದರೆ ಒಂದು ಘನ ಅಳತೆಯಲ್ಲಿ ಅಡಗಿರುವ ದ್ರವ್ಯರಾಶಿ. ಡೆಕ್ಸಾ ಕೊಡುವುದು ಒಂದು ಚದರ ಸೆಂಟಿಮೀಟರಿಗೆ ಎಷ್ಟು ಗ್ರಾಂ ಖನಿಜ ಎಂಬ ಲೆಕ್ಕವನ್ನು. ಮೂಳೆಯ ನೆರಳನ್ನು ಅಳೆಯುವ ಯಂತ್ರಕ್ಕೆ ಅದರ ಆಳ ಕಾಣಿಸುವುದಿಲ್ಲ. ಹಾಗಾಗಿ ಒಂದೇ ಸಾಂದ್ರತೆಯ ಎರಡು ಮೂಳೆಗಳಲ್ಲಿ ಚಿಕ್ಕದು ಹೆಚ್ಚು ಬಡವಾಗಿ ತೋರುತ್ತದೆ. ಸಣ್ಣ ಮೈಕಟ್ಟಿನ ಭಾರತೀಯ ಸ್ತ್ರೀಯರನ್ನು ಪಾಶ್ಚಾತ್ಯ ಸರಾಸರಿಯೊಂದಿಗೆ ಹೋಲಿಸಿದಾಗ ಈ ದೋಷ ಎದ್ದುಕಾಣುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2010ರಲ್ಲಿ ಭಾರತೀಯರಿಗಾಗಿಯೇ ಪ್ರಮಾಣಮೌಲ್ಯಗಳನ್ನು ಪ್ರಕಟಿಸಿದುದರ ಮಹತ್ವ ಇಲ್ಲಿದೆ. ಇನ್ನೊಂದೆಡೆ, ವಯಸ್ಸಾದವರ ಬೆನ್ನಿನಲ್ಲಿ ಬೆಳೆದ ಮೂಳೆಯ ಮುಳ್ಳುಗಳು, ಮಹಾಧಮನಿಯಲ್ಲಿ ಕೂತ ಸುಣ್ಣ ಇವೆಲ್ಲವೂ ಲೆಕ್ಕಕ್ಕೆ ಸೇರಿ ಬಡವಾದ ಮೂಳೆ ಪುಷ್ಟವಾಗಿ ಕಾಣುವುದೂ ಉಂಟು.

4. ಸಾಂದ್ರತೆ ಉತ್ತರಿಸದ ಪ್ರಶ್ನೆಗಳು

ಸಾಂದ್ರತೆಯೇ ಬಲವಾಗಿದ್ದರೆ ಮುರಿತಗಳೆಲ್ಲ –2.5ರ ಕೆಳಗೆ ಇರುವವರಲ್ಲಿಯೇ ಆಗಬೇಕಾಗಿತ್ತು. ವಾಸ್ತವ ಹಾಗಿಲ್ಲ. ಮುಟ್ಟು ನಿಂತ ಸುಮಾರು ಒಂದೂವರೆ ಲಕ್ಷ ಸ್ತ್ರೀಯರನ್ನು ಒಳಗೊಂಡ ಅಮೆರಿಕದ ಅಧ್ಯಯನವೊಂದರ ಫಲಿತಾಂಶ 2004ರಲ್ಲಿ ಪ್ರಕಟವಾಯಿತು. ಒಂದು ವರ್ಷದೊಳಗೆ ಮುರಿತಕ್ಕೆ ಒಳಗಾದವರಲ್ಲಿ 82 ಪ್ರತಿಶತ ಮಂದಿಯ ಟಿ-ಅಂಕ –2.5ಕ್ಕಿಂತ ಮೇಲಿತ್ತು. ಅದೇ ವರ್ಷ ನೆದರ್ಲೆಂಡಿನ ರಾಟರ್ಡ್ಯಾಮ್ ಅಧ್ಯಯನದಲ್ಲಿ ಬೆನ್ನುಮೂಳೆಯನ್ನು ಬಿಟ್ಟು ಉಳಿದ ಮುರಿತಗಳನ್ನು ಲೆಕ್ಕಹಾಕಿದಾಗ, ಸ್ತ್ರೀಯರಲ್ಲಿ 44 ಪ್ರತಿಶತ, ಪುರುಷರಲ್ಲಿ 21 ಪ್ರತಿಶತ ಮಾತ್ರ ಆ ಗೆರೆಯ ಕೆಳಗಿನವರಲ್ಲಿ ಆಗಿದ್ದವು. ಗೆರೆಯ ಕೆಳಗಿನ ವ್ಯಕ್ತಿಗೆ ಅಪಾಯ ಹೆಚ್ಚು ಎಂಬುದು ನಿಜ. ಆದರೆ ಗೆರೆಯ ಮೇಲಿನವರ ಸಂಖ್ಯೆ ಬಹಳ ದೊಡ್ಡದಾದುದರಿಂದ ಮುರಿತಗಳಲ್ಲಿ ಹಿರಿಯ ಪಾಲು ಅವರದೇ ಆಗುತ್ತದೆ. ಒಬ್ಬ ವ್ಯಕ್ತಿಯ ಅಪಾಯ ಮತ್ತು ಇಡೀ ಸಮುದಾಯದ ಹೊರೆ ಎಂಬ ಎರಡು ಲೆಕ್ಕಗಳನ್ನು ಬೆರೆಸಿಕೊಳ್ಳದೆ ಓದಬೇಕಾದ ಅಂಕಿಗಳಿವು.

ವಯಸ್ಸಿನ ಸಾಕ್ಷ್ಯವೂ ಇದನ್ನೇ ಹೇಳುತ್ತದೆ. ಮೂಳೆಯ ಖನಿಜದ ಪ್ರಮಾಣ ಒಂದೇ ಆಗಿದ್ದರೂ ಹೆಚ್ಚು ವಯಸ್ಸಾದವರಲ್ಲಿ ಮುರಿತ ಹೆಚ್ಚು ಎಂದು ಸಿಯು ಹುಯಿ ಮತ್ತು ಸಂಗಡಿಗರು 1988ರಲ್ಲಿ ತೋರಿಸಿದರು. ಮಧುಮೇಹದ ಎರಡನೆಯ ಬಗೆಯಲ್ಲಿ ಈ ವಿರೋಧಾಭಾಸ ಇನ್ನೂ ತೀಕ್ಷ್ಣ: ಅಂತಹ ರೋಗಿಗಳ ಸಾಂದ್ರತೆ ಸಾಮಾನ್ಯವಾಗಿ ಇತರರಷ್ಟೇ ಅಥವಾ ತುಸು ಹೆಚ್ಚೇ ಇರುತ್ತದೆ; ಮುರಿತದ ಸಂಭವ ಮಾತ್ರ ಹೆಚ್ಚು. ಸ್ಟೀರಾಯ್ಡ್ ಔಷಧಿಗಳನ್ನು ದೀರ್ಘಕಾಲ ಸೇವಿಸುವವರಲ್ಲಿಯೂ ಸಾಂದ್ರತೆಯ ಇಳಿಕೆ ವಿವರಿಸಬಲ್ಲುದಕ್ಕಿಂತ ಹೆಚ್ಚು ಮುರಿತಗಳು ಕಾಣಿಸುತ್ತವೆ.

ಸಾಂದ್ರತೆ ಹೆಚ್ಚಿದ್ದೂ ಮೂಳೆ ದುರ್ಬಲವಾಗಿರುವುದಕ್ಕೆ ಹಳೆಯ ಉದಾಹರಣೆಗಳಿವೆ. ಹ್ಯಾಂಬರ್ಗಿನ ವೈದ್ಯ ಆಲ್ಬರ್ಸ್-ಶ್ಯೋನ್‌ಬೆರ್ಗ್ 1904ರಲ್ಲಿ ವರ್ಣಿಸಿದ 'ಅಮೃತಶಿಲೆ ಮೂಳೆ' ರೋಗದಲ್ಲಿ ಎಕ್ಸ್‌-ಕಿರಣಕ್ಕೆ ಮೂಳೆ ಅಚ್ಚ ಬಿಳುಪಾಗಿ ಕಾಣುತ್ತದೆ, ಆದರೂ ಸುಲಭವಾಗಿ ಮುರಿಯುತ್ತದೆ. ದಕ್ಷಿಣ ಭಾರತಕ್ಕೆ ಇನ್ನೂ ಹತ್ತಿರದ ಉದಾಹರಣೆ ಫ್ಲೋರೈಡಿನದು. ಕುಡಿಯುವ ನೀರಿನ ಫ್ಲೋರೈಡಿನಿಂದ ಅಸ್ಥಿಪಂಜರ ಕೆಡುವುದನ್ನು ಎಚ್. ಇ. ಶಾರ್ಟ್ ಮತ್ತು ಸಹೋದ್ಯೋಗಿಗಳು 1937ರಲ್ಲಿ ಅಂದಿನ ಮದರಾಸು ಪ್ರಾಂತ್ಯದ ನೆಲ್ಲೂರು ಸೀಮೆಯಿಂದ ವರದಿಮಾಡಿದರು. ತೆಲಂಗಾಣದ ನಲ್ಗೊಂಡ, ಕರ್ನಾಟಕದ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿನ ಪಾವಗಡ ಈ ಪ್ರದೇಶಗಳ ಜನ ತಲೆಮಾರುಗಳಿಂದ ಈ ಕಷ್ಟವನ್ನು ಬಲ್ಲರು. ಅಲ್ಲಿನ ರೋಗಿಗಳ ಬೆನ್ನುಮೂಳೆ ಎಕ್ಸ್‌-ಕಿರಣ ಚಿತ್ರದಲ್ಲಿ ಸುಣ್ಣದಂತೆ ಬೆಳ್ಳಗೆ, ದಟ್ಟವಾಗಿ ಕಾಣುತ್ತದೆ. ದಟ್ಟತೆ ಅಲ್ಲಿ ಆರೋಗ್ಯದ ಲಕ್ಷಣವಲ್ಲ.

ಈ ಪಾಠ ಔಷಧಿಗಳ ಪರೀಕ್ಷೆಯಲ್ಲಿಯೂ ಪುನರಾವರ್ತನೆಯಾಯಿತು. ಫ್ಲೋರೈಡ್ ಸಾಂದ್ರತೆಯನ್ನು ಏರಿಸುತ್ತದೆ ಎಂಬ ಕಾರಣದಿಂದ ಅದನ್ನೇ ಅಸ್ಥಿರಂಧ್ರತೆಗೆ ಔಷಧವಾಗಿ ಕೊಟ್ಟು ನೋಡಲಾಯಿತು. ಲಾರೆನ್ಸ್ ರಿಗ್ಸ್ ಮತ್ತು ಸಂಗಡಿಗರು 1990ರಲ್ಲಿ ಪ್ರಕಟಿಸಿದ, 202 ಸ್ತ್ರೀಯರ ನಾಲ್ಕು ವರ್ಷಗಳ ಪ್ರಯೋಗದಲ್ಲಿ ಸೊಂಟದ ಕಶೇರುಕಗಳ ಸಾಂದ್ರತೆ 35 ಪ್ರತಿಶತ ಏರಿತು. ಬೆನ್ನಿನ ಮುರಿತಗಳು ಗಣನೀಯವಾಗಿ ಇಳಿಯಲಿಲ್ಲ. ಇತರ ಮುರಿತಗಳು ಹೆಚ್ಚಾದವು. ಇದಕ್ಕೆ ವ್ಯತಿರಿಕ್ತವಾಗಿ 1999ರಲ್ಲಿ ಪ್ರಕಟವಾದ ರಾಲಾಕ್ಸಿಫೀನ್ ಪ್ರಯೋಗದಲ್ಲಿ ಸಾಂದ್ರತೆ ಏರಿದುದು 2–3 ಪ್ರತಿಶತ ಮಾತ್ರ. ಬೆನ್ನಿನ ಮುರಿತದ ಸಂಭವ 30ರಿಂದ 50 ಪ್ರತಿಶತದಷ್ಟು ಇಳಿಯಿತು, ಉಳಿದ ಮುರಿತಗಳಲ್ಲಿ ಅಂತಹ ಇಳಿಕೆ ಕಾಣಲಿಲ್ಲ. ಈ ಎರಡು ಪ್ರಯೋಗಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಅಂಕಿಯ ಏರಿಳಿತವೂ ಬಲದ ಏರಿಳಿತವೂ ಒಂದೇ ಅಲ್ಲ ಎಂಬುದು ಮನದಟ್ಟಾಗುತ್ತದೆ.

ಇಂತಹ ಸಾಕ್ಷ್ಯಗಳ ಹಿನ್ನೆಲೆಯಲ್ಲಿ 2000ದಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳು ಕರೆದ ತಜ್ಞರ ಸಭೆ ಅಸ್ಥಿರಂಧ್ರತೆಯ ಲಕ್ಷಣವನ್ನು ಹೊಸದಾಗಿ ಹೇಳಿತು. ಮೂಳೆಯ ಬಲ ಕುಂದಿ ಮುರಿತದ ಸಂಭವ ಹೆಚ್ಚುವುದೇ ಈ ರೋಗ. ಬಲವು ಸಾಂದ್ರತೆ ಮತ್ತು ಗುಣ ಎಂಬ ಎರಡರ ಕೂಡುಫಲ. ಗುಣ ಎಂಬ ಮಾತಿನಲ್ಲಿ ಒಳರಚನೆ, ಮೂಳೆಯ ನವೀಕರಣದ ವೇಗ, ಸಂಚಿತವಾದ ಸೂಕ್ಷ್ಮ ಬಿರುಕುಗಳು, ಖನಿಜೀಕರಣ ಇವು ಅಡಕವಾದವು.

5. ಗುಣವನ್ನು ಚಿತ್ರದಲ್ಲಿ ಓದುವ ಪ್ರಯತ್ನಗಳು

ಗುಣವನ್ನು ಕಾಣುವ ಹಂಬಲ ಈ ವ್ಯಾಖ್ಯೆಗಿಂತ ಹಳೆಯದು; ಅದರ ಮೊದಲ ಗಮನಾರ್ಹ ಹೆಜ್ಜೆಗಳಲ್ಲಿ ಒಂದು ಭಾರತೀಯರದು. 1970ರಲ್ಲಿ ಮನಮೋಹನ್ ಸಿಂಗ್, ಎ. ಆರ್. ನಾಗರತ್ ಮತ್ತು ಪಿ. ಎಸ್. ಮೈನಿ ಎಂಬ ವೈದ್ಯರು ತೊಡೆಮೂಳೆಯ ಮೇಲ್ತುದಿಯ ಸಾದಾ ಎಕ್ಸ್‌-ಕಿರಣ ಚಿತ್ರದಲ್ಲಿ ಕಿರುತೊಲೆಗಳ ಗುಂಪುಗಳು ಯಾವ ಕ್ರಮದಲ್ಲಿ ಅಳಿಯುತ್ತವೆ ಎಂಬುದನ್ನು ಗುರುತಿಸಿ ಆರು ದರ್ಜೆಗಳನ್ನು ನಿರ್ಧರಿಸಿದರು. ಎಲ್ಲ ಗುಂಪುಗಳೂ ಕಾಣುತ್ತಿದ್ದರೆ ಆರನೆಯ ದರ್ಜೆ. ಸೆಳೆತವನ್ನು ತಾಳುವ ಮುಖ್ಯ ಗುಂಪಿನ ರೇಖೆ ಕಡಿದಿದ್ದರೆ ಮೂರನೆಯದು. ಒತ್ತಡವನ್ನು ತಾಳುವ ಮುಖ್ಯ ಗುಂಪೂ ಕ್ಷೀಣಿಸಿದರೆ ಮೊದಲನೆಯದು. 'ಸಿಂಗ್ ಸೂಚಿ' ಎಂದು ಪ್ರಸಿದ್ಧವಾದ ಈ ಕ್ರಮ ಖನಿಜದ ಮೊತ್ತವನ್ನಲ್ಲ, ಜೋಡಣೆಯನ್ನು ನೋಡಿತು. ಬೆಲೆಬಾಳುವ ಯಂತ್ರ ಇಲ್ಲದ ಆಸ್ಪತ್ರೆಯಲ್ಲಿಯೂ ಅದನ್ನು ಬಳಸಬಹುದಾಗಿತ್ತು. ಒಂದೇ ಚಿತ್ರಕ್ಕೆ ಇಬ್ಬರು ವೈದ್ಯರು ಎರಡು ದರ್ಜೆ ಕೊಡುವುದು ಸಾಮಾನ್ಯವೆಂದು ಮುಂದಿನ ಪರೀಕ್ಷೆಗಳಲ್ಲಿ ಕಂಡುಬಂದುದರಿಂದ ಅದರ ಬಳಕೆ ಹಿಂದೆ ಸರಿಯಿತು. ಕಣ್ಣಿನ ತೀರ್ಮಾನವನ್ನು ಗಣಿತಕ್ಕೆ ಒಪ್ಪಿಸುವ ಅಗತ್ಯ ಇಲ್ಲಿಂದ ಮೂಡಿತು.

ಆ ಅಗತ್ಯಕ್ಕೆ ಒದಗಿದ ಉಪಾಯಗಳಲ್ಲಿ ಇಂದು ಹೆಚ್ಚು ಪ್ರಚಲಿತವಾದುದು ಜಾಲರಿ ಮೂಳೆಯ ಅಂಕ. ಇದಕ್ಕೆ ಬೇರೆ ಯಂತ್ರ ಬೇಡ. ಬೆನ್ನಿನ ಡೆಕ್ಸಾ ಚಿತ್ರವನ್ನೇ ಗಣಕಯಂತ್ರ ಮತ್ತೊಮ್ಮೆ ಓದುತ್ತದೆ. ಚಿತ್ರದಲ್ಲಿ ಒಂದು ಬಿಂದುವಿನಿಂದ ಪಕ್ಕದ ಬಿಂದುವಿಗೆ ಬೂದುಬಣ್ಣದ ಛಾಯೆ ಹೇಗೆ ಬದಲಾಗುತ್ತದೆ ಎಂಬುದೇ ಇದರ ಆಧಾರ. ಕಿರುತೊಲೆಗಳು ಒತ್ತಾಗಿದ್ದರೆ ಛಾಯೆಯ ಬದಲಾವಣೆಗಳು ಬಹಳ, ಪ್ರತಿಯೊಂದೂ ಸಣ್ಣದು; ವಿರಳವಾಗಿದ್ದರೆ ಬದಲಾವಣೆಗಳು ಕೆಲವೇ, ಆದರೆ ದೊಡ್ಡವು. ಸ್ವಿಟ್ಜರ್ಲೆಂಡಿನ ಲೊಸಾನ್ ನಗರದ ಡಿಡಿಯೆ ಹಾನ್ಸ್ ಮತ್ತು ಸಹೋದ್ಯೋಗಿಗಳು 2011ರಲ್ಲಿ ಪ್ರಕಟಿಸಿದ, ಕೆನಡಾದ ಮ್ಯಾನಿಟೋಬ ಪ್ರಾಂತ್ಯದ 29,407 ಸ್ತ್ರೀಯರ ಅಧ್ಯಯನದಲ್ಲಿ ಈ ಅಂಕ ಸಾಂದ್ರತೆಯಿಂದ ಸ್ವತಂತ್ರವಾಗಿ ಮುರಿತವನ್ನು ಸೂಚಿಸಿತು. ಎರಡನ್ನೂ ಕೂಡಿಸಿದಾಗ ಸೂಚನೆ ಇನ್ನಷ್ಟು ಚೆನ್ನಾಯಿತು. ಸಾಮಾನ್ಯವಾಗಿ 1.31ಕ್ಕಿಂತ ಮೇಲಿನ ಅಂಕವನ್ನು ಸ್ವಸ್ಥವೆಂದೂ 1.23ಕ್ಕಿಂತ ಕೆಳಗಿನದನ್ನು ಶಿಥಿಲವೆಂದೂ ಎಣಿಸುವ ರೂಢಿ ಇದೆ. ಸಾಂದ್ರತೆ ಮೋಸಗೊಳಿಸುವ ಮಧುಮೇಹಿಗಳಲ್ಲಿ ಈ ಅಂಕ ಕೆಳಗಿರುವುದು ಕಂಡುಬಂದಿದೆ ಎಂಬುದು ಗಮನಾರ್ಹ. ಆದರೆ ಯಂತ್ರ ಇಲ್ಲಿ ಕಿರುತೊಲೆಗಳನ್ನು ನೇರವಾಗಿ ಕಾಣುವುದಿಲ್ಲ. ಅವುಗಳ ನೆರಳಿನ ಹೆಣಿಗೆಯಿಂದ ಊಹಿಸುತ್ತದೆ. ಹೊಟ್ಟೆಯ ಕೊಬ್ಬು ದಪ್ಪವಾಗಿದ್ದರೆ ಆ ಹೆಣಿಗೆ ಮಸುಕಾಗುತ್ತದೆ.

ನೇರವಾಗಿ ಕಾಣುವ ಮಾರ್ಗ ಅತಿಸೂಕ್ಷ್ಮ ಸಿ.ಟಿ. ಚಿತ್ರಣ. 2004ರ ಸುಮಾರಿಗೆ ಬಂದ ಮೊದಲ ಪೀಳಿಗೆಯ ಯಂತ್ರಗಳು ಮಣಿಕಟ್ಟು ಮತ್ತು ಕಣಕಾಲಿನ ಬಳಿಯ ಮೂಳೆಯನ್ನು 82 ಮೈಕ್ರೋಮೀಟರ್ ಅಳತೆಯ ಘನಕಣಗಳಾಗಿ ಒಡೆದು ತೋರಿದವು. ಎರಡನೆಯ ಪೀಳಿಗೆಯಲ್ಲಿ ಅದು 61 ಮೈಕ್ರೋಮೀಟರಿಗೆ ಇಳಿಯಿತು. ಕಿರುತೊಲೆಯ ದಪ್ಪ ಇದಕ್ಕಿಂತ ತುಸುವೇ ಹೆಚ್ಚಾದುದರಿಂದ ಅವುಗಳ ಸಂಖ್ಯೆ, ಅಂತರ, ತೊಗಟೆಯ ದಪ್ಪ ಮತ್ತು ಅದರಲ್ಲಿನ ರಂಧ್ರಗಳು ಬದುಕಿರುವ ವ್ಯಕ್ತಿಯಲ್ಲಿಯೇ ಗೋಚರವಾದವು. ಅಮೆರಿಕ, ಕೆನಡಾ ಮತ್ತು ಯೂರೋಪಿನ ಎಂಟು ಸಮುದಾಯಗಳ 7,254 ಜನರ ಮಾಹಿತಿಯನ್ನು ಒಟ್ಟುಗೂಡಿಸಿ 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಈ ಲಕ್ಷಣಗಳು ತೊಡೆಮೂಳೆಯ ಕತ್ತಿನ ಸಾಂದ್ರತೆಯನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಮುಂದಿನ ಮುರಿತಗಳನ್ನು ಸೂಚಿಸಿದವು. ಆ ಅಧ್ಯಯನದಲ್ಲಿ ಮುರಿತಕ್ಕೆ ಒಳಗಾದವರಲ್ಲಿ 80 ಪ್ರತಿಶತಕ್ಕೂ ಮಿಕ್ಕವರ ಟಿ-ಅಂಕ –2.5ಕ್ಕಿಂತ ಮೇಲೆಯೇ ಇತ್ತು. ಯಂತ್ರಗಳು ವಿರಳವಾದುದರಿಂದ ಈ ವಿಧಾನ ಇಂದಿಗೂ ಮುಖ್ಯವಾಗಿ ಸಂಶೋಧನೆಯ ಸಾಧನ.

ಸಾಮಾನ್ಯ ಸಿ.ಟಿ. ಯಂತ್ರದಿಂದಲೂ ಕೆಲಸವಾಗುತ್ತದೆ. ಅದು ಮೂಳೆಯ ನಿಜವಾದ ಘನ ಸಾಂದ್ರತೆಯನ್ನು ಕೊಡುತ್ತದೆ. ತೊಗಟೆ ಮತ್ತು ಜಾಲರಿಗಳನ್ನು ಬೇರ್ಪಡಿಸುತ್ತದೆ. ಆ ಚಿತ್ರವನ್ನು ಗಣಕಯಂತ್ರದಲ್ಲಿ ಸಾವಿರಾರು ಸಣ್ಣ ಘಟಕಗಳಾಗಿ ವಿಭಜಿಸಿ, ಸೇತುವೆಯ ಬಲವನ್ನು ಲೆಕ್ಕಹಾಕುವ ರೀತಿಯಲ್ಲಿಯೇ ಕಲ್ಪಿತ ಭಾರವನ್ನು ಹೇರಿ ಮೂಳೆ ಎಷ್ಟಕ್ಕೆ ಮುರಿಯುವುದೆಂದು ಎಣಿಸಬಹುದು. ಕುಲ್ಮನ್ ಕಂಡ ಕ್ರೇನಿನ ರೇಖೆಗಳು ಹೀಗೆ ಒಂದೂವರೆ ಶತಮಾನದ ಅನಂತರ ಪ್ರತಿಯೊಬ್ಬ ರೋಗಿಯ ಲೆಕ್ಕವಾಗಿ ಬಂದಿವೆ. ಡೆಕ್ಸಾಕ್ಕಿಂತ ವಿಕಿರಣ ಹೆಚ್ಚು ಎಂಬುದು ಇದರ ಕೊರತೆ. ಆದರೆ ಹೊಟ್ಟೆಯ ಅಥವಾ ಎದೆಯ ಬೇರಾವುದೋ ತೊಂದರೆಗಾಗಿ ತೆಗೆದ ಸಿ.ಟಿ. ಚಿತ್ರದಲ್ಲಿಯೇ ಕಶೇರುಕಗಳನ್ನು ಪರಿಶೀಲಿಸಿದರೆ ಹೊಸ ವಿಕಿರಣವೂ ಇಲ್ಲ, ಹೊಸ ವೆಚ್ಚವೂ ಹೆಚ್ಚಿಲ್ಲ. ವಿಕಿರಣವಿಲ್ಲದ ಎಂ.ಆರ್.ಐ. ಮತ್ತು ಶ್ರವಣಾತೀತ ಧ್ವನಿಯ ವಿಧಾನಗಳೂ ಇವೆ. ಮೊದಲನೆಯದು ಬೆಲೆಯಿಂದ ದೂರ. ಎರಡನೆಯದು ಅಗ್ಗ, ಆದರೆ ಅದರ ಮೌಲ್ಯಗಳನ್ನು ಡೆಕ್ಸಾದ ಟಿ-ಅಂಕಕ್ಕೆ ಸಮನಾಗಿ ಎಣಿಸಲಾಗದು.

ಈ ಹೊಸ ವಿಧಾನಗಳ ನಡುವೆ ಮರೆಯಬಾರದ ಸರಳ ಚಿತ್ರವೊಂದಿದೆ: ಬೆನ್ನುಮೂಳೆಯ ಪಾರ್ಶ್ವನೋಟ. ಕಶೇರುಕ ಕುಸಿಯುವುದೂ ಒಂದು ಮುರಿತವೇ. ಇಂತಹ ಮುರಿತಗಳಲ್ಲಿ ಸುಮಾರು ಮೂರನೆಯ ಎರಡು ಪಾಲು ವೈದ್ಯರ ಗಮನಕ್ಕೆ ಬರುವುದೇ ಇಲ್ಲ. ಹ್ಯಾರಿ ಜೆನಾಂಟ್ 1993ರಲ್ಲಿ ಸೂಚಿಸಿದ ಕ್ರಮದಂತೆ ಕಶೇರುಕದ ಎತ್ತರ 20ರಿಂದ 25 ಪ್ರತಿಶತ ತಗ್ಗಿದ್ದರೆ ಅಲ್ಪ, 40 ಪ್ರತಿಶತದವರೆಗೆ ಮಧ್ಯಮ, ಅದಕ್ಕೂ ಮೀರಿದರೆ ತೀವ್ರ. ಒಮ್ಮೆ ಮುರಿದ ಮೂಳೆಯೇ ಗುಣ ಕೆಟ್ಟಿರುವುದಕ್ಕೆ ಎಲ್ಲಕ್ಕಿಂತ ದೊಡ್ಡ ಸಾಕ್ಷಿ. 'ವಯಸ್ಸಾಯಿತು, ಬೆನ್ನು ಬಾಗಿತು' ಎಂದು ಮನೆಮಂದಿ ಸಹಜವೆಂದುಕೊಂಡ ಗೂನು, ಕುಗ್ಗಿದ ಎತ್ತರ ಎಷ್ಟೋ ವೇಳೆ ಯಾರೂ ಓದದೆ ಬಿಟ್ಟ ಮುರಿತದ ಚಿತ್ರ.

6. ಚಿತ್ರದಿಂದ ತೀರ್ಮಾನಕ್ಕೆ

ಚಿತ್ರ ಎಷ್ಟೇ ಸೂಕ್ಷ್ಮವಾದರೂ ಅದು ಮೂಳೆಯ ಕಥೆ ಮಾತ್ರ. ಸೊಂಟದ ಬಳಿಯ ಮುರಿತಗಳಲ್ಲಿ ಬಹುಪಾಲು ಬೀಳುವುದರಿಂದ ಆಗುತ್ತವೆ. ಕಣ್ಣಿನ ಪೊರೆ, ನಿದ್ರೆಯ ಮಾತ್ರೆ, ಒದ್ದೆಯಾದ ಬಚ್ಚಲು, ಬೆಳಕಿಲ್ಲದ ಮೆಟ್ಟಿಲು ಇವು ಯಾವ ಸ್ಕ್ಯಾನಿನಲ್ಲಿಯೂ ಕಾಣುವುದಿಲ್ಲ. ಇದನ್ನರಿತು, ಬ್ರಿಟನ್ನಿನ ಶೆಫೀಲ್ಡ್ ವಿಶ್ವವಿದ್ಯಾಲಯದ ಜಾನ್ ಕ್ಯಾನಿಸ್ ಮತ್ತು ಸಂಗಡಿಗರು 2008ರಲ್ಲಿ 'ಫ್ರ್ಯಾಕ್ಸ್' ಎಂಬ ಗಣನಕ್ರಮವನ್ನು ರೂಪಿಸಿದರು. ವಯಸ್ಸು, ಲಿಂಗ, ಎತ್ತರ, ತೂಕ, ಹಿಂದಿನ ಮುರಿತ, ತಂದೆತಾಯಿಯರ ಸೊಂಟದ ಮುರಿತ, ಧೂಮಪಾನ, ಮದ್ಯಪಾನ, ಸ್ಟೀರಾಯ್ಡ್ ಸೇವನೆ, ಕೀಲುವಾತ ಮುಂತಾದವನ್ನು ಕೊಟ್ಟರೆ ಮುಂದಿನ ಹತ್ತು ವರ್ಷಗಳಲ್ಲಿ ಮುರಿತದ ಸಂಭವ ಪ್ರತಿಶತ ಎಷ್ಟು ಎಂದು ಅದು ಹೇಳುತ್ತದೆ. ಸಾಂದ್ರತೆಯನ್ನು ಸೇರಿಸಬಹುದು, ಸೇರಿಸದೆಯೂ ಎಣಿಸಬಹುದು. ಜಾಲರಿ ಮೂಳೆಯ ಅಂಕದಿಂದ ಆ ಉತ್ತರವನ್ನು ತಿದ್ದಿಕೊಳ್ಳುವ ಏರ್ಪಾಡೂ ಇದೆ. ಆದರೆ ಬೀಳುವ ಪ್ರವೃತ್ತಿ ಆ ಮೂಲ ಲೆಕ್ಕದಲ್ಲಿ ಸೇರಿಲ್ಲ. ಅದನ್ನು ವೈದ್ಯರೇ ಕೇಳಿ ತಿಳಿಯಬೇಕು.

ಇಬ್ಬರು ಸ್ತ್ರೀಯರನ್ನು ಕಲ್ಪಿಸಿಕೊಂಡರೆ ವಿಷಯ ಸ್ಪಷ್ಟವಾಗುತ್ತದೆ. ಇಬ್ಬರ ಟಿ-ಅಂಕವೂ –1.8. ಒಬ್ಬಳಿಗೆ 54 ವರ್ಷ. ಎಂದೂ ಮೂಳೆ ಮುರಿದಿಲ್ಲ. ಜಾಲರಿ ಮೂಳೆಯ ಅಂಕ 1.36. ಇನ್ನೊಬ್ಬಳಿಗೆ 72 ವರ್ಷ, ಮಧುಮೇಹವಿದೆ, ಎರಡು ವರ್ಷದ ಹಿಂದೆ ಹೊಸ್ತಿಲು ಎಡವಿ ಮಣಿಕಟ್ಟು ಮುರಿದಿತ್ತು, ಅಂಕ 1.17. ಡೆಕ್ಸಾ ವರದಿಯ ಮುಖ್ಯ ಸಾಲು ಇಬ್ಬರಿಗೂ ಒಂದೇ: ಸಾಂದ್ರತೆಯ ಕೊರತೆ. ಆ ಸಾಲನ್ನಷ್ಟೇ ಓದಿದವರು ಇಬ್ಬರನ್ನೂ ಒಂದೇ ಸಲಹೆಯೊಡನೆ ಮನೆಗೆ ಕಳುಹಿಸುತ್ತಾರೆ. ಮೊದಲನೆಯವಳಿಗೆ ವ್ಯಾಯಾಮ, ಆಹಾರ, ಕೆಲವು ವರ್ಷಗಳ ಅನಂತರ ಮರುಪರೀಕ್ಷೆ ಸಾಕಾಗಬಹುದು. ಎರಡನೆಯವಳ ವಿಷಯದಲ್ಲಿ ಔಷಧದ ಚರ್ಚೆ ತಡಮಾಡದೆ ನಡೆಯಬೇಕು. ಅವಳ ಮಣಿಕಟ್ಟು ಈಗಾಗಲೇ ಸಾಕ್ಷಿ ನುಡಿದಿದೆ. ಗುಣಚಿತ್ರಣದ ಬೆಲೆ ಇಂತಹ ಮಧ್ಯದ ವಲಯದಲ್ಲಿಯೇ ಹೆಚ್ಚು. ಟಿ-ಅಂಕ ತೀರ ಕೆಳಗಿರುವವರಿಗೆ ಚಿಕಿತ್ಸೆ ಬೇಕೆಂಬುದು ಅದಿಲ್ಲದೆಯೂ ಗೊತ್ತು. ಜಾಲರಿ ಮೂಳೆಯ ಅಂಕವೊಂದರಿಂದಲೇ ಚಿಕಿತ್ಸೆಯನ್ನು ನಿರ್ಧರಿಸಬಾರದು ಎಂದು ತಜ್ಞರ ಅಂತರರಾಷ್ಟ್ರೀಯ ಸಂಘ 2015ರಲ್ಲಿ ಹೇಳಿದೆ. ಈ ಅಧ್ಯಯನಗಳಲ್ಲಿ ಬಹುಪಾಲು ಯೂರೋಪ್ ಮತ್ತು ಉತ್ತರ ಅಮೆರಿಕದವು. ಭಾರತೀಯರಿಗೆ ಅವುಗಳ ಗೆರೆಗಳನ್ನು ಅನ್ವಯಿಸುವಾಗ ಎಚ್ಚರ ಅಗತ್ಯ.

7. ಪರಿಭಾಷೆಯ ವಿಚಾರ

'ಗುಣ' ಎಂಬ ಪದ ಈ ಶಾಸ್ತ್ರಕ್ಕೆ ಒಪ್ಪುವಂತಹದೆ? ಕನ್ನಡದಲ್ಲಿ ಅದಕ್ಕೆ ಸ್ವಭಾವ, ಸದ್ಗುಣ ಎಂಬ ಅರ್ಥಗಳ ಜೊತೆಗೆ 'ಕಾಯಿಲೆ ಗುಣವಾಯಿತು' ಎಂಬಲ್ಲಿನ ವಾಸಿಯಾಗುವ ಅರ್ಥವೂ ಇದೆ. ಹಾಗಾಗಿ 'ಮೂಳೆಯ ಗುಣ' ಎಂದಾಗ ಕ್ಷಣಕಾಲ ಸಂದಿಗ್ಧತೆ ಉಂಟಾಗಬಹುದು. 'ಗುಣಮಟ್ಟ' ಎಂದರೆ ಅದು ತಪ್ಪುತ್ತದೆ. ಆದರೆ ಆ ಪದದಲ್ಲಿ ಮಾರುಕಟ್ಟೆಯ ಸರಕಿನ ವಾಸನೆ ಇದೆ. ಕಾವ್ಯಮೀಮಾಂಸೆಯ ವಿದ್ಯಾರ್ಥಿಗಳಿಗೆ ಮಾತ್ರ 'ಗುಣ'ವೇ ಹೆಚ್ಚು ಹತ್ತಿರ. ವಾಮನನ ಮತದಲ್ಲಿ ಕಾವ್ಯದ ಆತ್ಮವಾದ ರೀತಿ ಪದಗಳ ವಿಶಿಷ್ಟ ಜೋಡಣೆ. ಆ ವೈಶಿಷ್ಟ್ಯವನ್ನು ತರುವುದು ಗುಣಗಳು. ಪದಗಳು ಅವೇ ಇದ್ದರೂ ಜೋಡಣೆ ಶಿಥಿಲವಾದರೆ ಬಂಧ ನಿಲ್ಲುವುದಿಲ್ಲ ಎಂಬ ತಿಳಿವಳಿಕೆ ಕಿರುತೊಲೆಗಳ ವಿಷಯಕ್ಕೂ ಸಲ್ಲುತ್ತದೆ. ಶಾಸ್ತ್ರಗ್ರಂಥದಲ್ಲಿ 'ಗುಣ', ರೋಗಿಯೊಂದಿಗಿನ ಮಾತಿನಲ್ಲಿ 'ಒಳಕಟ್ಟು' ಎಂದು ಬಳಸುವುದು ಸೂಕ್ತವೆನಿಸುತ್ತದೆ.

ಕರ್ನಾಟಕದ ಹೊರಗಿನ ಕನ್ನಡಿಗರಿಗೆ ಈ ವಿಚಾರ ವಿಶೇಷವಾಗಿ ಸಂಬಂಧಿಸಿದೆ. ಮುಂಬೈ, ಪುಣೆ, ಹೈದರಾಬಾದು, ಚೆನ್ನೈ, ದೆಹಲಿಗಳಲ್ಲಿ ವರದಿ ಇಂಗ್ಲಿಷಿನಲ್ಲಿ ಬರುತ್ತದೆ. ವೈದ್ಯರ ಮಾತು ಮರಾಠಿಯಲ್ಲೋ ತೆಲುಗಿನಲ್ಲೋ ತಮಿಳಿನಲ್ಲೋ ಹಿಂದಿಯಲ್ಲೋ ನಡೆಯುತ್ತದೆ. ಮನೆಯ ಹಿರಿಯರಿಗೆ ಅದನ್ನು ಕನ್ನಡದಲ್ಲಿ ತಿಳಿಸುವ ಹೊಣೆ ಮಕ್ಕಳದು, ಮೊಮ್ಮಕ್ಕಳದು. 'ಸ್ವಲ್ಪ ಸವೆತವಂತೆ, ಹಾಲು ಕುಡಿಯಬೇಕಂತೆ' ಎಂದು ಹೇಳಿ ಮುಗಿಸುವುದು ಸುಲಭ. ಮೇಲಿನ ಎರಡನೆಯ ಸ್ತ್ರೀಯ ವಿಷಯದಲ್ಲಿ ಅದು ಅಪಾಯಕರ. ಅದಕ್ಕೆ ಬದಲಾಗಿ ಹೀಗೆ ಹೇಳಬಹುದು: 'ನಿಮ್ಮ ಮೂಳೆಯಲ್ಲಿ ಸುಣ್ಣದ ಅಂಶ ಸ್ವಲ್ಪ ಕಡಿಮೆ. ಅದಕ್ಕಿಂತ ಹೆಚ್ಚಾಗಿ ಅದರ ಒಳಕಟ್ಟು ಸಡಿಲವಾಗಿದೆ. ಒಮ್ಮೆ ಮಣಿಕಟ್ಟು ಮುರಿದಿರುವುದರಿಂದ ಮತ್ತೆ ಮುರಿಯುವ ಸಂಭವ ಹೆಚ್ಚು. ನೋವಿಲ್ಲದಿದ್ದರೂ ಚಿಕಿತ್ಸೆ ಬೇಕು.' ಇದರಲ್ಲಿ ಕಠಿಣ ಪದ ಒಂದೂ ಇಲ್ಲ. ಸಾಂದ್ರತೆ, ಗುಣ, ಸಂಭವ ಎಂಬ ಮೂರು ವಿಚಾರಗಳೂ ಬೇರೆಬೇರೆಯಾಗಿ ನಿಂತಿವೆ. 'ಸಂಭವ' ಎಂಬುದನ್ನು ಭವಿಷ್ಯವಾಣಿಯೆಂದು ತಿಳಿಯದಂತೆಯೂ ನೋಡಿಕೊಳ್ಳಬೇಕು. ನೂರರಲ್ಲಿ ಇಪ್ಪತ್ತು ಎಂದರೆ ಅಂತಹ ನೂರು ಜನರಲ್ಲಿ ಇಪ್ಪತ್ತು ಮಂದಿಗೆ ಮುರಿತವಾಗಬಹುದು, ಎಂಬತ್ತು ಮಂದಿಗೆ ಆಗದಿರಬಹುದು. ಚಿಕಿತ್ಸೆ ಆ ಇಪ್ಪತ್ತನ್ನು ತಗ್ಗಿಸುವ ಯತ್ನ.

8. ಉಪಸಂಹಾರ

ಸಾಂದ್ರತೆ ಮೂಳೆಯಲ್ಲಿ ದ್ರವ್ಯ ಎಷ್ಟಿದೆ ಎಂದು ಹೇಳುತ್ತದೆ. ಗುಣಚಿತ್ರಣ ಅದು ಹೇಗೆ ನಿಂತಿದೆ ಎಂದು ಹೇಳಲು ಯತ್ನಿಸುತ್ತದೆ. ಹಿಂದಿನ ಮುರಿತ, ವಯಸ್ಸು, ಬೀಳುವ ಅಪಾಯಗಳು ಆ ಮೂಳೆ ಯಾವ ಬದುಕಿನೊಳಗಿದೆ ಎಂದು ತಿಳಿಸುತ್ತವೆ. ಈ ಮೂರರಲ್ಲಿ ಯಾವುದೊಂದೂ ಮತ್ತೊಂದರ ಸ್ಥಾನವನ್ನು ತುಂಬಲಾರದು. ಸಿಂಗ್ ಸೂಚಿಯಿಂದ ಅತಿಸೂಕ್ಷ್ಮ ಸಿ.ಟಿ.ಯವರೆಗಿನ ಅರ್ಧ ಶತಮಾನದ ಸಾಧನೆ ದೊಡ್ಡದು. ಆದರೆ ಅದರ ಫಲ ರೋಗಿಯನ್ನು ಮುಟ್ಟುವುದು ಯಾರಾದರೂ ಅದನ್ನು ಆಕೆಗೆ ತಿಳಿಯುವ ಮಾತಿನಲ್ಲಿ ಹೇಳಿದಾಗ. ಕನ್ನಡ ಅಧ್ಯಯನ ವಿಭಾಗಗಳಲ್ಲಿ ಪರಿಭಾಷೆ, ಅನುವಾದ ಮತ್ತು ಶಾಸ್ತ್ರಸಾಹಿತ್ಯವನ್ನು ಅಭ್ಯಸಿಸುವವರು ವೈದ್ಯರೊಡನೆ ಕುಳಿತು ಇಂತಹ ವರದಿಗಳಿಗೆ ತಿಳಿಗನ್ನಡದ ಮಾದರಿಗಳನ್ನು ಸಿದ್ಧಪಡಿಸುವುದಾದರೆ ಅದು ಶಾಸ್ತ್ರಕ್ಕೂ ಭಾಷೆಗೂ ಏಕಕಾಲದಲ್ಲಿ ಸಲ್ಲುವ ಸೇವೆಯಾದೀತು.